ಮೇಣದ ಕಾಲಿಗೆ ಹಾಕಿದ ಪ್ಲಾಸ್ಟರ್

ಆಗೆಲ್ಲ ಬೇಸಿಗೆ ರಜೆ ಅಂದರೆ ನನಗೆ ಕುರ್ಲಾ. ಧಾರವಾಡದ ನಮ್ಮ ಓಣಿಯ ಹುಡುಗರು ಅಜ್ಜನ ಊರಿಗೆ ಹೋದರೆ ನಾನು ಅತ್ತೆಯ ಚಾಳಿಗೆ ಹೋಗಿ, ವಡಾಪಾವ್ ತಿಂದು ಬಂದು ಅವರ ಮುಂದೆ ಮೆರೆಯುತ್ತಿದ್ದೆ. ಅತ್ತೆ ಅಂದರೆ ಅಪ್ಪನ ಅಕ್ಕ. ಸಾಲು ಮನೆಗಳ ಆ ಚಾಳಿನಲ್ಲಿ ಅವಳದು ಒಂದೇ ಕೋಣೆಯ ಮನೆ. ಗ್ಯಾಲರಿಯಲ್ಲಿ ನಿಂತು ಅವಳು ಒಮ್ಮೆ ಕೂಗಿದರೆ ನಾಲ್ಕು ಮನೆಯವರು "ಏನ್ರೀ?" ಅನ್ನುತ್ತಿದ್ದರು.

ನಾಲ್ಕನೇ ಇಯತ್ತೆ ಮುಗಿದ ವರ್ಷ ಮಾತ್ರ ಮೆರೆಯುವ ಮನಸ್ಸಿರಲಿಲ್ಲ. ಶಾಲೆಯಲ್ಲಿ ಪಿ.ಟಿ. ಮಾಸ್ತರರಾಗಿದ್ದ ಅಪ್ಪ ಸ್ಕೂಟರಿನಿಂದ ಬಿದ್ದು ಬಲಗಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. "ಎಲುಬು ನೆಟ್ಟಗ ಕೂತರ ಓಡ್ತೀರಿ, ಸೊಟ್ಟ ಕೂತರ ಹೇಳಾಕ ಬರೂದಿಲ್ಲ" ಎಂದು ಡಾಕ್ಟರು ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ಆ ಮಾತು ಕುರ್ಲಾದವರೆಗೂ ನನ್ನ ಜೊತೆ ಬಂದಿತ್ತು.

ರಜೆಯ ಕಡೆಯ ದಿನ, ಸಂಜೆ ರೈಲು. ಬೆಳಿಗ್ಗೆ ಅತ್ತೆ ಒಳ್ಳೆಯ ಸೀರೆ ಉಟ್ಟು ನಿಂತಳು. "ಬ್ಯಾಗ್ ಆಮ್ಯಾಲೆ ತುಂಬೂಣು. ಮೊದಲ ಗುಡ್ಡದ ಚರ್ಚಿಗೆ ಹೋಗಿ ನಿಮ್ಮಪ್ಪನ ಕಾಲು ಕೊಟ್ಟು ಬರೂಣು."

ಲೋಕಲ್ ಹಿಡಿದು, ಬಸ್ಸು ಹತ್ತಿ ಹೋದೆವು. ಪರದೇಶದ ಪಾದ್ರಿಗಳು ಎಷ್ಟೋ ತಲೆಮಾರಿನ ಹಿಂದೆ ಕಟ್ಟಿಸಿದ ಕಲ್ಲಿನ ಚರ್ಚು ಅದು. ಮೆಟ್ಟಿಲ ಬುಡದ ಅಂಗಡಿಗಳಲ್ಲಿ ಮೇಣದ ಕೈ, ಕಾಲು, ಪುಟ್ಟ ಮನೆ, ಕೂಸು ಸಾಲಾಗಿ ಮಲಗಿದ್ದವು. ಯಾರಿಗೆ ಏನು ಬೇಕೋ ಅದರ ಮೇಣದ ಆಕಾರವನ್ನು ಚರ್ಚಿನ ಮಾತೆಯ ಮೂರ್ತಿಯ ಮುಂದೆ ಇಡುವುದು ಅಲ್ಲಿಯ ರೂಢಿ. "ನಮ್ಮ ದೇವಿಗೆ ಬೆಳ್ಳಿ ಕಣ್ಣು ಕೊಡೂದಿಲ್ಲೇನು? ಹಂಗಽ ಇದು" ಎಂದ ಅತ್ತೆ, ಬದನೆಕಾಯಿ ಆರಿಸುವವಳಂತೆ ಹತ್ತು ಕಾಲು ತಿರುಗಿಸಿ ನೋಡಿ ಒಂದು ಬಲಗಾಲು ಆರಿಸಿದಳು.

"ಎರಡೂ ಕೈಲೆ ಹಿಡಿ. ಹೂವು ತರ್ತೀನಿ. ಕೆಳಗ ಇಟ್ಟಿ ಅಂದ್ರ ನೋಡು!"

ಇಡುತ್ತಿರಲಿಲ್ಲ. ಆದರೆ ಪಕ್ಕದಲ್ಲೇ ಒಬ್ಬಳು ಮಾವಿನಕಾಯಿ ಹೋಳಿಗೆ ಉಪ್ಪು ಖಾರ ಸವರುತ್ತಿದ್ದಳು. ನನ್ನ ನಾಲಿಗೆ ಎಂದೂ ನನ್ನ ಮಾತು ಕೇಳಿದ್ದಿಲ್ಲ. ಕಾಲನ್ನು ಕಟ್ಟೆಯ ಮೇಲೆ ಮಲಗಿಸಿ, ಎರಡು ಹೋಳು ಕೊಂಡು, ಬೆರಳು ನೆಕ್ಕಿ ತಿರುಗಿ ನೋಡುತ್ತೇನೆ, ಮೇ ತಿಂಗಳ ಬಿಸಿಲಿಗೆ ಅಪ್ಪನ ಪಾದ ಒಂದು ಕಡೆಗೆ ವಾಲಿದೆ. ಸೊಟ್ಟ! ಗಾಬರಿಯಲ್ಲಿ ನೆಟ್ಟಗೆ ಮಾಡಲು ಹೋದೆ. ಕಾಲು ನಡುವೆ ಮುರಿದು ಎರಡಾಯಿತು.

ಹೂವು ಹಿಡಿದು ಬಂದ ಅತ್ತೆಗೆ ಎರಡು ತುಂಡು ತೋರಿಸಿ ನಾನು ಬಾಯಿಬಿಟ್ಟು ಅಳತೊಡಗಿದೆ. "ಅಪ್ಪನ ಕಾಲು ನಾನಽ ಮುರದೆ. ಇನ್ನ ಅಪ್ಪ ಓಡೂದಿಲ್ಲ."

ಅಂಗಡಿಯ ಮುದುಕಿ "ರಡೂ ನಕೋ, ಬಾಳ" ಎಂದು, ಅಳಬೇಡ ಮಗು ಅಂತ ಮರಾಠಿಯಲ್ಲಿ ಸಮಾಧಾನ ಮಾಡಿ ಹೊಸ ಕಾಲು ಕೊಡಲು ಕೈಚಾಚಿದಳು. ಅತ್ತೆ ಬೇಡವೆಂದಳು. ಬಯ್ಯಲಿಲ್ಲ. ಒಂದು ಮೇಣದ ಬತ್ತಿ ಹಚ್ಚಿ, "ಹಿಡಿ, ಎರಡೂ ತುಂಡು ನೆಟ್ಟಗ ಕೂಡಿಸಿ ಹಿಡಿ" ಎಂದು ಮುರಿದ ಕಡೆ ಸುತ್ತಲೂ ಬಿಸಿ ಮೇಣ ತೊಟ್ಟಿಕ್ಕಿಸಿದಳು. ಬೆರಳಿಗೆ ಬಿದ್ದ ಹನಿ ಚುರುಗುಟ್ಟಿತು, ನಾನು ಬಿಡಲಿಲ್ಲ.

"ನೋಡು, ಇದಕ್ಕೂ ಪ್ಲಾಸ್ಟರ್ ಹಾಕಿದ್ವಿ. ಮುರದದ್ದು ಕೂಡತೈತಿ ಅಂತ ನಿನ್ನ ಕಣ್ಣಾರೆ ನೋಡಿದೆಲ್ಲ? ನಿಮ್ಮಪ್ಪಗೂ ಹೇಳು."

ನಡುವೆ ದಪ್ಪ ಗಂಟು ಬಿದ್ದ ಆ ಕಾಲನ್ನೇ ಮಾತೆಯ ಮುಂದೆ ಇಟ್ಟೆವು. ಮರುದಿನ ಧಾರವಾಡದಲ್ಲಿ ಅಪ್ಪನಿಗೆ ಎಲ್ಲ ಒಪ್ಪಿಸಿದೆ. ಅವರು ಪ್ಲಾಸ್ಟರ್ ಕುಣಿಯುವಷ್ಟು ನಕ್ಕರು. ಮಳೆಗಾಲ ಮುಗಿಯುವ ಹೊತ್ತಿಗೆ ಸೀಟಿ ಊದುತ್ತ ಮೈದಾನದಲ್ಲಿ ಓಡುತ್ತಿದ್ದರು, ಸ್ವಲ್ಪ ಕುಂಟುತ್ತ.

ಆ ಚಾಳು ಈಗಿಲ್ಲ. ಅತ್ತೆ ಊರಿನ ಇನ್ನೊಂದು ತುದಿಯ ದಹಿಸರಿನಲ್ಲಿ ಮಗನ ಜೊತೆ ಏಳನೇ ಮಹಡಿಯಲ್ಲಿದ್ದಾಳೆ. ಬಾಗಿಲು ಹಾಕಿದರೆ ಪಕ್ಕದವರ ಕುಕ್ಕರಿನ ಸೀಟಿಯೂ ಕೇಳದು. ಕೂಗಿದರೆ "ಏನ್ರೀ" ಅನ್ನುವವರಿಲ್ಲ ಎನ್ನುವುದೇ ಅವಳ ದೊಡ್ಡ ಸಂಕಟ. ಮೊಣಕಾಲು ಸವೆದು ಅವಳಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಮುಂದಿನ ತಿಂಗಳು ಆಪರೇಷನ್.

ಹೋದ ವಾರ ಅಪ್ಪ ಮತ್ತು ನಾನು ಅವಳನ್ನು ನೋಡಲು ಹೋಗಿದ್ದೆವು. ಹೊರಡುವ ದಿನ ಆ ಗುಡ್ಡ ಹತ್ತಿದೆವು. ಅಪ್ಪ ಅಷ್ಟೂ ಮೆಟ್ಟಿಲು ತಾವೇ ಹತ್ತಿದರು, ಒಂದು ಜೊತೆ ಮೇಣದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು. ನಾನು ಅವುಗಳ ಮೇಲೆ ಕೊಡೆ ಹಿಡಿದಿದ್ದೆ. ಅರ್ಧ ದಾರಿಯಲ್ಲಿ ಅತ್ತೆಯ ಫೋನ್ ಬಂತು.

"ಏ ಹುಡುಗಿ, ಮಾವಿನಕಾಯಿ ಆಮ್ಯಾಲೆ ತಿನ್ನು. ಈ ಸಲ ಅವು ನನ್ನ ಕಾಲು!"