ಟವೆಲ್ ಹೊದ್ದ ಲ್ಯಾಪ್‌ಟಾಪು

ನಮ್ಮವರ, ಅಂದರೆ ನಮ್ಮ ಯಜಮಾನರ, ಕರುಮಾದಿಯ ದಿನ ಪುರೋಹಿತರು ಹೇಳಿದ ಹೊತ್ತಿಗೆ ಬಂದರು. ಅಡುಗೆಯವರು ಅದಕ್ಕೂ ಮುಂಚೆ ಬಂದು ಒಲೆ ಹಚ್ಚಿದರು. ಸೂತಕ ಕಳೆಯುವ ಆ ಕಾರ್ಯದಲ್ಲಿ ತಡ ಮಾಡಿದ್ದು ಒಂದೇ ಒಂದು, ಮೊಮ್ಮಗಳ ಲ್ಯಾಪ್‌ಟಾಪು.

ನಮ್ಮ ಮನೆ ತುಡಿಯಲೂರಿನಿಂದ ಪೆರಿಯನಾಯಕನಪಾಳ್ಯಂ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ. ಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಕರೆಂಟಿನ ಮಗ್ಗಗಳು. ನೂಲು ಓಡುವಾಗ ಹತ್ತಿಯ ಧೂಳು ಎದ್ದು ಹಾರುತ್ತದೆ, ಅದಕ್ಕೆ ನಾವು ಪಂಜು ಅನ್ನುತ್ತೇವೆ. ಬಾಗಿಲು ಹಾಕಿದರೂ ಬರುತ್ತದೆ, ಕಿಟಕಿ ಹಾಕಿದರೂ ಬರುತ್ತದೆ. ಆದ್ದರಿಂದ ನಮ್ಮಲ್ಲಿ ಮುಚ್ಚದೆ ಇಟ್ಟ ವಸ್ತು ಒಂದೂ ಇರುವುದಿಲ್ಲ. ನೀರಿನ ಕೊಡಕ್ಕೆ ತಟ್ಟೆ, ಮಿಕ್ಸಿಗೆ ಹಳೆ ಲಂಗದ ತುಂಡು, ಟಿವಿಗೆ ಸವೆದ ಸೀರೆ. ತೊಟ್ಟಿಲಲ್ಲಿ ಮಲಗಿದ ಕೂಸಿಗೂ ಮೇಲೊಂದು ತೆಳುವಾದ ಬಟ್ಟೆ. ಹೊರಗಿನಿಂದ ಬಂದವರು ಇದೇನು ಎಲ್ಲಕ್ಕೂ ಚಳಿಯೇ ಅಂತ ನಗುತ್ತಾರೆ. ನಗಲಿ.

ಮೊಮ್ಮಗಳು, ಅಂದರೆ ಮಗನ ಮಗಳು, ಒಂದು ಸ್ಟುಡಿಯೋದವರಿಗೆ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿ ಕೊಡುತ್ತಾಳೆ. ಕೆಲಸ ಮನೆಯಲ್ಲೇ. ಲ್ಯಾಪ್‌ಟಾಪು ಯಾರೋ ಬಳಸಿ ಬಿಟ್ಟದ್ದು. ಜೋಡಿಸಿ ಮುಗಿಸಿದ ಮೇಲೆ ಚೂರುಚೂರಾಗಿರುವುದನ್ನೆಲ್ಲ ಬೆಸೆದು ಒಂದೇ ವಿಡಿಯೋ ಮಾಡಿ ಹೊರಗೆ ತೆಗೆಯಬೇಕಂತೆ. ಅದಕ್ಕೆ ಎಕ್ಸ್‌ಪೋರ್ಟ್ ಅನ್ನುತ್ತಾಳೆ. ನಮಗೆ ಎಕ್ಸ್‌ಪೋರ್ಟ್ ಅಂದರೆ ತಿರುಪ್ಪೂರಿನ ಬನಿಯನ್‌ಗಳು ಹಡಗು ಹತ್ತುವುದು. ಇವಳದು ಕೋಣೆ ಬಿಟ್ಟು ಹೋಗುವುದಿಲ್ಲ, ಆದರೂ ಹಡಗಿಗಿಂತ ನಿಧಾನ.

ಅವಳ ತಾತನ ವಿಡಿಯೋ ಇದ್ದದ್ದು ಒಂದೇ. ಕೆಲಸ ಕಲಿಯುವಾಗ ಕ್ಯಾಮೆರಾ ಹಿಡಿದುಕೊಂಡು ಶೆಡ್ಡಿಗೆ ಹೋಗಿ ಅವರನ್ನೇ ತೆಗೆದಿದ್ದಳು. ಮಿಕ್ಕಿದ್ದೆಲ್ಲ ನಿಂತ ಫೋಟೋಗಳು. ಅದನ್ನೂ ಇದನ್ನೂ ಸೇರಿಸಿ ಕರುಮಾದಿಗೆ ಒಂದು ವಿಡಿಯೋ ಮಾಡಿದ್ದಳು. ಬೇರೆ ಯಾರೂ ಕೇಳಿರಲಿಲ್ಲ. ಕೇಳಿದವರು ಒಬ್ಬರೇ, ಧಾರಾಪುರದ ನನ್ನ ನಾದಿನಿ, ನಮ್ಮವರ ಅಕ್ಕ.

ನಮ್ಮವರು ಹೋದ ದಿನ ಅವರು ಬರಲಿಲ್ಲ. ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿದ್ದರು. ಪ್ರಯಾಣ ಕೂಡದು, ಅಳಲೂ ಕೂಡದು ಅಂತ ಡಾಕ್ಟರು ಹೇಳಿದ್ದರಂತೆ. ಒಡಹುಟ್ಟಿದವನ ಮುಖ ಕೊನೆಗೆ ನೋಡದೆ ಇರುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಆ ಸಂಜೆ ಫೋನಿನಲ್ಲಿ ಮೊಮ್ಮಗಳಿಗೆ ಹೇಳಿದರು, "ಕಣ್ಣೂ, ಚಿನ್ನಾ, ಫೋಟೋ ಬೇಡ. ಅವನು ಅಲ್ಲಾಡ್ಬೇಕು, ಮಾತಾಡ್ಬೇಕು. ಹಂಗೆ ಒಂದ್ಸಲ ನೋಡ್ತೀನಿ. ನೋಡದೆ ಅಲ್ಲಿ ಎಲೆಗೆ ಕೂರಲ್ಲ." ಅವರು ಹೇಳಿದರೆ ಹೇಳಿದ ಹಾಗೆ. ಸಕ್ಕರೆ ಕಾಯಿಲೆ ಬೇರೆ. ನಮ್ಮ ಮನೆ ಪದ್ಧತಿಯಲ್ಲಿ ಸತ್ತವನ ಅಕ್ಕ ಎಲೆಗೆ ಕೂರದೆ ಉಳಿದ ನೆಂಟರು ಕೂರುವ ಹಾಗೂ ಇಲ್ಲ.

ನನ್ನ ವಿಷಯ ಹೇಳುವುದಕ್ಕೆ ಹೆಚ್ಚಿಲ್ಲ. ಬೆಳಗ್ಗೆ ನನಗೆ ಮಾಡಬೇಕಾದದ್ದನ್ನು ಮಾಡಿ ಮುಗಿಸಿದ್ದರು. ಬಳೆ ಇಲ್ಲದೆ ಕೈ ಹಗುರವಾಗಿತ್ತು, ಅಷ್ಟೇ. ಹೆಂಗಸರು ಬಂದು ನನ್ನ ಹೆಗಲ ಮೇಲೆ ಬಿದ್ದು ಅತ್ತರು. ಅವರ ಬೆನ್ನು ತಟ್ಟಿದೆ. ನನಗೆ ಅಳು ಬರಲಿಲ್ಲ, ಬರಬೇಕು ಅಂತಲೂ ಅನ್ನಿಸಲಿಲ್ಲ. ಬಡಿಸುವ ಕಡೆ ಬರಬಾರದು, ಒಳಕೋಣೆಯಲ್ಲಿ ಕೂತಿರಬೇಕು ಅಂದರು. ಕೂತೆ. ಲ್ಯಾಪ್‌ಟಾಪು ಇದ್ದದ್ದೂ ಅದೇ ಕೋಣೆಯಲ್ಲಿ, ಹಾಸಿಗೆಯ ಮೇಲೆ.

ಮೊಮ್ಮಗಳು ಎಕ್ಸ್‌ಪೋರ್ಟ್ ಒತ್ತಿ, "ಕಾರ್ಯ ಮುಗಿಯೋದ್ರೊಳಗೆ ಆಗಿರ್ತದೆ ಅಜ್ಜಿ" ಅಂತ ಹೇಳಿ ತಾತನ ಪಿಂಡದ ಹತ್ತಿರ ಹೋಗಿ ಕೂತಳು. ಪರದೆಯ ಮೇಲೆ ಒಂದು ನೀಲಿ ಪಟ್ಟಿ. ಅದು ಎಡದಿಂದ ಬಲಕ್ಕೆ ತುಂಬಬೇಕು. ನಾನು ಅದನ್ನು ನೋಡುತ್ತಾ ಕೂತೆ. ನೋಡುವುದಕ್ಕೆ ಬೇರೆ ಏನೂ ಇರಲಿಲ್ಲ.

ಆಮೇಲೆ ನಾದಿನಿ ಬಂದರು. ಕಪ್ಪು ಕನ್ನಡಕ ಹಾಕಿದ್ದರು. ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಹಗ್ಗದ ಮೇಲಿದ್ದ ಹಸಿರು ಅಂಚಿನ ಟವೆಲು ತೆಗೆದು ಲ್ಯಾಪ್‌ಟಾಪಿನ ಮೇಲೆ ಹೊದಿಸಿದರು. ನಾಲ್ಕೂ ಕಡೆ ಎಳೆದು ಸರಿ ಮಾಡಿ, ಅಂಚನ್ನು ಅಡಿಗೆ ಮಡಚಿ ಸಿಕ್ಕಿಸಿದರು. ಅವರು ಮಾಡದಿದ್ದರೆ ನಾನೇ ಎದ್ದು ಅದನ್ನೇ ಮಾಡುತ್ತಿದ್ದೆ.

ಕಾರ್ಯ ಮುಗಿಯಿತು. ಹೊರಗೆ ಎಲೆ ಹಾಕುವ ಸದ್ದು ಕೇಳಿತು. ಮೊಮ್ಮಗಳು ಒಳಗೆ ಬಂದವಳು ಟವೆಲು ನೋಡಿ ನಿಂತೇಬಿಟ್ಟಳು.

"ಇದನ್ಯಾರು ಹೊದಿಸಿದ್ದು?"

"ನಾನೇ ಕಣ್ಣೂ. ಪಂಜು ಬೀಳ್ತದಲ್ಲ."

ಅವಳು ಟವೆಲು ಎಳೆದು ಲ್ಯಾಪ್‌ಟಾಪಿನ ಅಡಿಗೆ ಕೈ ಹಾಕಿದಳು, ತಕ್ಷಣ ತೆಗೆದಳು. ನಾನೂ ಮುಟ್ಟಿ ನೋಡಿದೆ. ಇಸ್ತ್ರಿ ಪೆಟ್ಟಿಗೆಯ ಹಾಗೆ ಕಾದಿತ್ತು. ನೀಲಿ ಪಟ್ಟಿ ಅರ್ಧವನ್ನೂ ದಾಟಿರಲಿಲ್ಲ.

"ಬಿಸಿ ಆದ್ರೆ ಸುಟ್ಟೋಗಬಾರ್ದು ಅಂತ ಅದೇ ವೇಗ ಕಮ್ಮಿ ಮಾಡ್ಕೊಳ್ತದೆ ಅಜ್ಜಿ. ಕೆಳಗೆ ಹಾಸಿಗೆ, ಮೇಲೆ ಟವೆಲು. ಉಸಿರಾಡೋಕೆ ಜಾಗಾನೇ ಇಲ್ಲ."

ಅಷ್ಟರಲ್ಲಿ ಮಗ ಬಂದ. "ಅತ್ತೆ, ಎಲೆ ಹಾಕಿದ್ದಾರೆ. ನೀವು ಬಂದ್ರೆ ಎಲ್ರೂ ಕೂರ್ತಾರೆ." ಆಮೇಲೆ ಮಗಳ ಮುಖ ನೋಡಿ, ಟವೆಲು ನೋಡಿ, ವಿಷಯ ತಿಳಿದುಕೊಂಡು ನಾದಿನಿಗೆ ಹೇಳಿದ, "ಅತ್ತೆ, ಮಗ್ಗ ನಿಂತು ಎಷ್ಟು ದಿನ ಆಯ್ತು. ಪಂಜು ಎಲ್ಲಿಂದ ಬೀಳ್ತದೆ?"

ನಾದಿನಿ ಗೋಡೆಯ ಕಡೆ ನೋಡಿದರು. ನಾನೂ ನೋಡಿದೆ. ಗೋಡೆಯ ಆಚೆ ಸದ್ದಿಲ್ಲ. ಅದು ನನಗೂ ಹೊಳೆದಿರಲಿಲ್ಲ.

"ಮತ್ತೆ ಈ ಚಾರ್ಜರ್ ಪಿನ್ನು ಯಾರು ಕಿತ್ತಿದ್ದು? ಬ್ಯಾಟರಿ ಮೇಲೆ ಓಡಿದ್ರೂ ಇದು ಕುಂಟ್ತದೆ" ಅಂದಳು ಮೊಮ್ಮಗಳು. ಅದೇ ಪ್ಲಗ್ಗಿನಲ್ಲಿ ಮಗನ ಫೋನು ನೇತಾಡುತ್ತಿತ್ತು.

"ನನ್ನ ಕೇಳಿದ್ಯಲ್ಲ ಪಂಜು ಎಲ್ಲಿಂದ ಅಂತ" ಅಂದರು ನಾದಿನಿ. "ನಿನ್ನ ಫೋನು ಎಲ್ಲಿಂದ ಬಂತೋ, ಅಲ್ಲಿಂದ್ಲೇ."

ಮಗ ಫೋನು ಕಿತ್ತು ಜೇಬಿಗೆ ಹಾಕಿಕೊಂಡ.

ಎಕ್ಸ್‌ಪೋರ್ಟ್ ಆಗದಿದ್ದರೂ ಜೋಡಿಸುವ ಜಾಗದಲ್ಲೇ ಓಡಿಸಿ ತೋರಿಸಬಹುದಲ್ಲ ಅಂತ ಅವನೇ ಕೇಳಿದ. ಮೊಮ್ಮಗಳು ಬೇಡ ಬೇಡ ಅಂದಳು. ಅವನು ಬಿಡಲಿಲ್ಲ. ಓಡಿಸಿದಳು. ನಮ್ಮವರು ಪರದೆಯ ಮೇಲೆ ಬಂದರು. ತಲೆ ಎತ್ತಿದರು, ಬಾಯಿ ತೆರೆದರು, ಹಾಗೇ ನಿಂತುಬಿಟ್ಟರು. ಕಣ್ಣು ಅರ್ಧ ಮುಚ್ಚಿ, ಬಾಯಿ ಅರ್ಧ ತೆರೆದು. ಮಾತು ಎಲ್ಲೋ ಹಿಂದೆ ಗರಗರ ಅನ್ನುತ್ತಿತ್ತು. ಹೋದ ದಿನ ಬಾಯಿಗೆ ಬಟ್ಟೆ ಕಟ್ಟುವ ಮೊದಲು ಅವರು ಹೀಗೇ ಕಂಡಿದ್ದರು. ನಾನು ನೋಡಿದ್ದೆ, ನಾದಿನಿ ನೋಡಿರಲಿಲ್ಲ.

"ತೆಗಿ, ತೆಗಿ" ಅಂತ ನಾದಿನಿ ಕನ್ನಡಕದ ಮೇಲೆ ಕೈ ಮುಚ್ಚಿಕೊಂಡರು. "ಇದಲ್ಲ ನಾನು ಕೇಳಿದ್ದು. ಓಡೋ ಹಂಗೆ ಮಾಡು. ನಾನು ಕೂತಿರ್ತೀನಿ."

ಅವರ ಊಟದ ಹೊತ್ತು ಮೀರಿತ್ತು. ಹಸಿವೂ ಸಕ್ಕರೆಯೂ ಸೇರಿದರೆ ಅವರಿಗೆ ಆಗುವುದಿಲ್ಲ. ನಾನು ಬೆಲ್ಲದ ಚೂರು ತರಿಸಿ ಮುಂದೆ ಹಿಡಿದೆ. ತಲೆ ಅಲ್ಲಾಡಿಸಿದರು.

"ತಿನ್ನಿ ಅತ್ತಿಗೆ. ನೀವೂ ಹೋದ್ರೆ ನಿಮಗೊಂದು ವಿಡಿಯೋ ಮಾಡ್ಬೇಕು. ಇದೇ ಇನ್ನೂ ಆಗಿಲ್ಲ."

"ನಾಲಿಗೆ ನೋಡು ಇವಳದು. ನನ್ನ ತಮ್ಮ ಇಷ್ಟು ವರ್ಷ ಹೆಂಗೆ ಕೇಳಿಸ್ಕೊಂಡ್ನೋ."

"ಎಲ್ಲಿ ಕೇಳಿಸ್ಕೊಂಡ್ರು? ಮಗ್ಗ ಓಡ್ತಿತ್ತಲ್ಲ."

ನಾದಿನಿ ನಕ್ಕರು. ಬೆಲ್ಲ ಮಾತ್ರ ತಿನ್ನಲಿಲ್ಲ.

ಮೊಮ್ಮಗಳು ಓಡುತ್ತಿದ್ದ ಎಕ್ಸ್‌ಪೋರ್ಟನ್ನು ಅಲ್ಲಿಗೇ ನಿಲ್ಲಿಸಿ ಲ್ಯಾಪ್‌ಟಾಪನ್ನು ಆರಿಸಿದಳು. ಮಗನಿಗೆ ಶೆಡ್ಡಿನಿಂದ ಬ್ಲೋಯರ್ ತರಲು ಹೇಳಿದಳು. ಮಗ್ಗದ ಸಂದಿಯಲ್ಲಿ ಸಿಕ್ಕಿದ ಪಂಜನ್ನು ಊದಿ ತೆಗೆಯುವುದು ಅದರಲ್ಲೇ. ಲ್ಯಾಪ್‌ಟಾಪಿನ ಬದಿಯಲ್ಲಿ ಜಾಲರಿಯಂತೆ ಸೀಳುಗಳಿವೆ. ಅಲ್ಲಿಗೆ ದೂರದಿಂದ ಮೆಲ್ಲಗೆ ಊದಿದರು. ಮೊದಲು ಹೊಗೆಯ ಹಾಗೆ ಬಂತು, ಆಮೇಲೆ ಒಂದು ಬೂದು ಬಣ್ಣದ ಉಂಡೆ ಹಾಸಿಗೆಯ ಮೇಲೆ ಬಿತ್ತು. ಬೆರಳ ತುದಿಯಷ್ಟು ಪಂಜು.

"ಇದು ತಾತ ನೆಯ್ದಾಗ ಎದ್ದದ್ದು" ಅಂತ ಮೊಮ್ಮಗಳು ಅದನ್ನು ನನ್ನ ಅಂಗೈಯಲ್ಲಿಟ್ಟಳು. ನನ್ನ ಮುಖದಲ್ಲಿ ಏನಾದರೂ ಕಾಣುತ್ತದೋ ಅಂತ ನೋಡುತ್ತಿದ್ದಳು. ನಾನು ಅದನ್ನು ಕಸದ ಬುಟ್ಟಿಗೆ ಹಾಕಿದೆ.

ಆಮೇಲೆ ಲ್ಯಾಪ್‌ಟಾಪನ್ನು ಹಾಸಿಗೆಯಿಂದ ಎತ್ತಿ ಮೇಜಿನ ಮೇಲಿಟ್ಟರು. ಎರಡೂ ಬದಿಗೆ ನೂಲು ಸುತ್ತುವ ಒಂದೊಂದು ಖಾಲಿ ಕಂಡಿಕೆ ಕೊಟ್ಟು ಮೇಲಕ್ಕೆತ್ತಿದರು, ಅಡಿಯಲ್ಲಿ ಗಾಳಿ ಹೋಗಲಿ ಅಂತ. ಟೇಬಲ್ ಫ್ಯಾನು ಅದರ ಕಡೆ ತಿರುಗಿತು. ಚಾರ್ಜರ್ ಚುಚ್ಚಿ ಮತ್ತೆ ಆನ್ ಮಾಡಿದರು. ಮೊಮ್ಮಗಳು ಪರದೆಯ ಮೇಲೆ ತೆರೆದಿದ್ದ ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿದಳು. ಮೊದಲು ನೇರವಾಗಿ ಪೆನ್‌ಡ್ರೈವಿಗೇ ಬರೆಯಲು ಹೇಳಿದ್ದಳಂತೆ, ಅದು ನಿಧಾನ. ಈಗ ಲ್ಯಾಪ್‌ಟಾಪಿನ ಒಳಗೇ ಬರೆಯಲು ಹೇಳಿದಳು. ಮದುವೆ ಮಂಟಪದ ದೊಡ್ಡ ಪರದೆಗೆ ಬೇಕಾಗುವ ಅಳತೆ ಇಟ್ಟಿದ್ದಳು, ಟಿವಿಗೆ ಸಾಕಾಗುವಷ್ಟಕ್ಕೆ ಇಳಿಸಿದಳು. ಚಿತ್ರದ ಕೆಲಸಕ್ಕೆ ಅಂತಲೇ ಒಳಗೆ ಬೇರೆ ಒಂದು ಚಿಪ್ ಇದೆಯಂತೆ. ಅದು ಸುಮ್ಮನೆ ಕೂತಿತ್ತು, ಎಲ್ಲ ಕೆಲಸವನ್ನೂ ಇನ್ನೊಂದೇ ಎಳೆಯುತ್ತಿತ್ತು. ಅದಕ್ಕೂ ಕೆಲಸ ಹಚ್ಚಿದಳು. ನನಗೆ ಅರ್ಥವಾದದ್ದು ಇಷ್ಟು.

ಹೀಗೆಲ್ಲ ಮಾಡಿಯೂ ಎಷ್ಟು ಹೊತ್ತು ಅಂತ ಕೇಳಿದೆ. ಅವಳು ಪರದೆ ನೋಡಿ ತುಟಿ ಕಚ್ಚಿದಳು.

"ಹೂವು ಅದೆ ಅಜ್ಜಿ. ಅದಕ್ಕೇ ಜಾಸ್ತಿ ಹೊತ್ತು."

ಮದುವೆ ವಿಡಿಯೋಗಳಿಗೆ ಹಾಕುವ ಹಾಗೆ ತಾತನ ಮೇಲೂ ಹೂವು ಸುರಿಸಿದ್ದಳು. ನಾಲ್ಕು ಮೂಲೆಗೂ ಉರಿಯುವ ದೀಪ, ಹಿಂದೆ ಮೋಡ, ಮೋಡದಿಂದ ಬೆಳಕು. ಒಂದೊಂದು ಎಸಳನ್ನೂ ಲ್ಯಾಪ್‌ಟಾಪು ಬೇರೆ ಬೇರೆಯಾಗಿ ಬೀಳಿಸಬೇಕಂತೆ.

"ತೆಗೆದ್ಹಾಕು."

"ಬೋಳು ಬೋಳಾಗಿ ಕಾಣ್ತದೆ ಅಜ್ಜಿ. ಇಷ್ಟು ದಿನ ಕೂತು ಮಾಡಿದ್ದೀನಿ."

"ನಿಮ್ಮ ತಾತನ ತಲೆ ಮೇಲೆ ಪಂಜು ಬಿದ್ದಿದ್ದು ದಿನಾ ನೋಡಿದ್ದೀನಿ. ಹೂವು ಬಿದ್ದಿದ್ದು ಚಟ್ಟದ ಮೇಲೆ ಮಲಗಿಸಿದಾಗ. ಧಾರಾಪುರದ ಅಜ್ಜಿಗೆ ಯಾವುದು ಬೇಕೋ ಕೇಳು."

ಅವಳು ನಾದಿನಿಯ ಕಡೆ ತಿರುಗಿದಳು. ಅವರು, "ಮುಖ ಬೇಕು. ಸೀಕ್ರಂ, ಬೇಗ" ಅಂದರು, ಅಷ್ಟೇ.

ಹೂವು ಹೋಯಿತು. ದೀಪ, ಮೋಡ, ಬೆಳಕು ಎಲ್ಲ ಹೋಯಿತು. ಅವಳು ಅಳಿಸುವಾಗ ಮೂಗು ಒರೆಸಿಕೊಂಡಳು, ನಾನು ನೋಡದ ಹಾಗೆ ಕೂತೆ. ಫೋಟೋಗಳನ್ನೂ ತೆಗೆದು ಶೆಡ್ಡಿನ ವಿಡಿಯೋವನ್ನು ಮಾತ್ರ ಉಳಿಸಿ ಒತ್ತಿದಳು. ಈ ಸಲ ನೀಲಿ ಪಟ್ಟಿ ನೋಡನೋಡುತ್ತಿದ್ದಂತೆ ತುಂಬಿತು. ಹೊರಗೆ ಸಾಂಬಾರು ಮತ್ತೆ ಬಿಸಿ ಮಾಡಲು ಹೇಳುವಷ್ಟರಲ್ಲಿ ಆಗಿಹೋಗಿತ್ತು.

ಅದನ್ನು ಪೆನ್‌ಡ್ರೈವಿಗೆ ಹಾಕಿ, ಟಿವಿಯ ಮೇಲಿನ ಸೀರೆ ತೆಗೆದು ಚುಚ್ಚಿದರು. ನಾದಿನಿ ಕನ್ನಡಕ ತೆಗೆದು ಹತ್ತಿರ ಕುರ್ಚಿ ಎಳೆದುಕೊಂಡರು.

ಮಗ್ಗಗಳ ಸದ್ದು ಒಮ್ಮೆಲೇ ಬಂತು. ಅಡುಗೆಯವರು ಶೆಡ್ಡು ಶುರುವಾಯಿತೋ ಅಂತ ಇಣುಕಿದರು. ನಮ್ಮವರು ಬನಿಯನ್ನು ಹಾಕಿಕೊಂಡು, ಹೆಗಲ ಮೇಲೆ ಟವೆಲು, ಕಡಿದ ನೂಲು ಹುಡುಕುತ್ತಿದ್ದರು. ಹುಬ್ಬಿನಲ್ಲೆಲ್ಲ ಬಿಳಿ ಪಂಜು. ನೂಲು ಸಿಕ್ಕಿತು, ಗಂಟು ಹಾಕಿದರು. ಆಮೇಲೆ ತಲೆ ಎತ್ತಿ ಕ್ಯಾಮೆರಾ ನೋಡಿ ಗದರಿದರು.

"ಏಯ್, ಅದನ್ಯಾಕೆ ಇಲ್ಲಿಗೆ ತಂದೆ? ಪಂಜು ಹೋಗ್ತದೆ. ಮುಚ್ಚು ಮೊದ್ಲು."

ಮೊಮ್ಮಗಳು ನಗುವುದು ಕೇಳಿಸಿತು. ನಮ್ಮವರು ಹೆಗಲ ಟವೆಲು ತೆಗೆದುಕೊಂಡು ಮುಂದಕ್ಕೆ ಬಂದರು. ಮುಖ ದೊಡ್ಡದಾಯಿತು, ಹಸಿರು ಅಂಚು ದೊಡ್ಡದಾಯಿತು, ಕತ್ತಲಾಯಿತು. ಕತ್ತಲಲ್ಲಿ ಸದ್ದು ಮಾತ್ರ ಸ್ವಲ್ಪ ಹೊತ್ತು ಓಡಿ ನಿಂತಿತು.

ನಾದಿನಿ ಒಂದೇ ಮಾತು ಹೇಳಿದರು, "ಮುಚ್ಚದೆ ಇಟ್ರೆ ನಮ್ಮಪ್ಪ ಇಬ್ರಿಗೂ ಹೊಡೀತಿದ್ರು." ಇನ್ನೊಂದು ಸಲ ಹಾಕಲೇ ಅಂತ ಮೊಮ್ಮಗಳು ಕೇಳಿದಳು. ಬೇಡ ಅಂದರು. ಕನ್ನಡಕ ಹಾಕಿಕೊಂಡು, ಕೈಗೋಲು ಹಿಡಿದು, ಎಲೆಗೆ ಹೋಗಿ ಕೂತರು. ಅವರ ಹಿಂದೆ ಉಳಿದವರೂ ಕೂತರು. ಅವರು ರಸಂಗೆ ಇನ್ನೊಂದು ಸಲ ಅನ್ನ ಹಾಕಿಸಿಕೊಂಡದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ.

"ಅಜ್ಜಿ, ನೀನು ಅಳಲೇ ಇಲ್ಲ" ಅಂದಳು ಮೊಮ್ಮಗಳು.

"ನೀನು ಊಟ ಮಾಡು ಹೋಗು."

ಹೊರಡುವಾಗ ನಾದಿನಿ ಒಳಕೋಣೆಗೆ ಬಂದು ಹಾಸಿಗೆಯ ಮೇಲಿದ್ದ ಹಸಿರು ಅಂಚಿನ ಟವೆಲು ಎತ್ತಿಕೊಂಡರು. "ಇದು ಅದೇ ಅಲ್ವಾ?" ಅಂತ ಕೇಳಿದರು. ಹೌದು ಅಂದೆ. ಕೇಳದೆಯೇ ಮಡಚಿ ಚೀಲದಲ್ಲಿಟ್ಟುಕೊಂಡರು. ಇಟ್ಟುಕೊಳ್ಳಲಿ. ಒಗೆಯುವುದಕ್ಕೆ ಒಂದು ಬಟ್ಟೆ ಕಮ್ಮಿಯಾಯಿತು.

ಮಾರನೆಯ ದಿನ ಮಗ ಮಗ್ಗ ಶುರು ಮಾಡಿದ. ಲ್ಯಾಪ್‌ಟಾಪು ಈಗ ಕಂಡಿಕೆಗಳ ಮೇಲೆ ಏನೂ ಹೊದೆಯದೆ ಕೂತಿರುತ್ತದೆ. ಅದರ ಮೇಲೆ ಪಂಜು ಬೀಳುತ್ತದೆ. ನಾನು ದಿನಾ ಬ್ರಷ್ಷಿನಿಂದ ಗುಡಿಸುತ್ತೇನೆ.