ಸೋಸಲೆಗೆ ಇಡದ ಚುಕ್ಕೆ

ದೆವ್ವ, ಪಿತೃ, ಶಕುನ ಎಂದರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿಯುತ್ತಿತ್ತು. ನಂಜನಗೂಡಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವನು ನಾನು. ಅಂಥ ಮಾತೆತ್ತಿದ ವಿದ್ಯಾರ್ಥಿಗಳನ್ನು ಚೆನ್ನಾಗಿ ಗೇಲಿ ಮಾಡಿದ್ದೇನೆ. ಇದನ್ನು ಓದಿ ಅವರೀಗ ನಗುವುದಾದರೆ ನಗಲಿ.

ನಮ್ಮ ಕಪಿಲೆಯ ದಂಡೆಯಲ್ಲಿ ಒಂದು ಪುಟ್ಟ ಪತಂಗವಿದೆ. ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಬೂದಿಬಣ್ಣ, ರೆಕ್ಕೆಯ ತುದಿಗೆ ಎರಡು ಹಳದಿ ಬೊಟ್ಟು. ಅದು ಎಲ್ಲೆಲ್ಲಿದೆ ಎಂದು ನಕ್ಷೆಯ ಮೇಲೆ ಚುಕ್ಕೆ ಇಡುತ್ತ ವರ್ಷಗಟ್ಟಲೆ ಅಲೆದೆ. ಚುಕ್ಕೆಗಳೆಲ್ಲ ನಂಜನಗೂಡಿನ ಸುತ್ತಲೇ ಬಿದ್ದವು, ತಿ. ನರಸೀಪುರದ ಕಡೆ ಒಂದೂ ಇಲ್ಲ. ಜೊತೆಗೆ ಓಡಾಡುತ್ತಿದ್ದವಳು ನನ್ನ ವಿದ್ಯಾರ್ಥಿನಿ, ನರಸೀಪುರದ ಪಕ್ಕದ ಸೋಸಲೆಯ ಸೌಮ್ಯ. “ನಮ್ಮನೆ ಇತ್ಲಲ್ಲೇ ನೋಡಿವ್ನಿ ಸಾ, ಒಂದು ಚುಕ್ಕೆ ಇಡಿ,” ಎಂದು ಪೀಡಿಸುತ್ತಿದ್ದಳು. “ನೋಡಿದ್ದು ಲೆಕ್ಕಕ್ಕಿಲ್ಲ ಕಣಮ್ಮ, ಹುಳ ತಂದುಕೊಡು,” ಎಂದು ಗದರುತ್ತಿದ್ದೆ. ಆ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟಳು.

ಮಹಾಲಯ ಅಮಾವಾಸ್ಯೆಗೆ ಅವಳ ತಾಯಿ ಜಯಮ್ಮ ನನ್ನನ್ನೂ ಕರೆದರು. ಮಧ್ಯಾಹ್ನ ನಡುಮನೆಯಲ್ಲಿ ಸೌಮ್ಯಳ ಫೋಟೋ ಮುಂದೆ ಹೊಸ ಸೀರೆ ಮಡಿಸಿಟ್ಟು, ಅವಳಿಗಿಷ್ಟವಾದ ತಿಂಡಿಗಳನ್ನೆಲ್ಲ ಎಡೆ ಹಾಕಿ, ಅವಳು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದು ಕೂತೆವು. ನನಗೆ ಹಸಿವು. ಗಳಿಗೆಗೊಮ್ಮೆ ವಾಚು ನೋಡುತ್ತಿದ್ದೆ, ಸುಳ್ಳೇಕೆ ಹೇಳಲಿ?

ಬಾಗಿಲು ತಟ್ಟಿ ತೆಗೆದಾಗ ಸೀರೆಯ ಮೇಲೆ ಆ ಪತಂಗ ಕೂತಿತ್ತು. ಅವೇ ಎರಡು ಹಳದಿ ಬೊಟ್ಟು! ಎಷ್ಟು ವರ್ಷದ ಅಭ್ಯಾಸ ನೋಡಿ, ನಾನು ಯೋಚಿಸಲೇ ಇಲ್ಲ. ಹುಳ ಸಾಯಿಸುವ ಔಷಧಿಯ ಬಾಟ್ಲಿ ಸದಾ ಹೆಗಲ ಚೀಲದಲ್ಲಿರುತ್ತದೆ. ತೆಗೆದು ಕವುಚಿದೆ, ಮುಚ್ಚಳ ಬಿಗಿದೆ. “ಸಿಕ್ತು!” ಎಂದು ಕೂಗಿಯೂ ಬಿಟ್ಟೆ. ತಿರುಗಿದರೆ ಜಯಮ್ಮ ಕೈಮುಗಿದು ನಿಂತಿದ್ದರು.

“ಬಿಡಿ ಸಾ, ಬಿಟ್ಬುಡಿ... ನನ್ ಮಗ್ಳು ಕಣ್ ಸಾ ಅದು!”

ಮುಚ್ಚಳ ತೆಗೆಯುವಷ್ಟರಲ್ಲಿ ಅದರ ಮಿಸುಕಾಟ ನಿಂತಿತ್ತು. ಅಂಗೈಗೆ ಹಾಕಿಕೊಂಡು ಊದಿದೆ, ಏನೂ ಆಗಲಿಲ್ಲ. ಆ ಮನೆಯಲ್ಲಿ ಊಟಕ್ಕೆ ಕೂರುವ ಮುಖ ನನಗಿರಲಿಲ್ಲ.

ನನ್ನ ಚೀಲದಲ್ಲೇ ನಂಜನಗೂಡಿನಿಂದ ಬಂದಿರಬೇಕು ಎಂದು ನೂರು ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಚೀಲ ನನ್ನ ಜೊತೆ ಜಗಲಿಯಲ್ಲಿತ್ತು, ಪತಂಗ ಮುಚ್ಚಿದ ಬಾಗಿಲೊಳಗಿತ್ತು. ಆಮೇಲೆ ಅವರ ಹಿತ್ತಿಲು, ಕಾವೇರಿ ದಂಡೆ, ಬನ್ನೂರಿನ ಗದ್ದೆಬಯಲು ಎಲ್ಲ ಜಾಲಾಡಿದೆ. ಇನ್ನೊಂದು ಸಿಗಲಿಲ್ಲ. ಹುಳವೇನೋ ಡಬ್ಬಿಯಲ್ಲಿದೆ, ಚುಕ್ಕೆ ಇಡಲು ಮಾತ್ರ ಇವತ್ತಿಗೂ ಕೈ ಬಂದಿಲ್ಲ.

ಮೊನ್ನೆ ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಜಯಮ್ಮ ಸಿಕ್ಕರು. ಬಯ್ಯಲಿಲ್ಲ. ಮಳೆ, ಬೆಳೆ ಎಂದು ಅದೂ ಇದೂ ಮಾತಾಡಿ, ಬಸ್ಸು ಹತ್ತುವ ಮುಂಚೆ ಮೆಲ್ಲಗೆ ಕೇಳಿದರು:

“ಆ ಬಾಟ್ಲೀಲಿ ಅವ್ಳಿಗೆ ನೋವಾಯ್ತಾ ಸಾ?”

ಹುಳಕ್ಕೆ ನೋವಾಗುವುದಿಲ್ಲ ಎಂದು ಇಷ್ಟು ವರ್ಷ ತರಗತಿಯಲ್ಲಿ ಹೇಳುತ್ತ ಬಂದವನು ನಾನು.