ಸೊನ್ನೆ ಎಂದರೆ ಕ್ಷೇಮ

ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಲಿಫ್ಟಿನಿಂದ ಮರಳಿ ಬಂದು ಬಾಗಿಲು ಜಗ್ಗಿ ನೋಡುವ ಜಾತಿ ನನ್ನದು. ಅಂಥವಳಿಗೆ ದೋಹಾದ ಆಫೀಸಿನಲ್ಲಿ ಸಿಕ್ಕ ಕೆಲಸವೂ ಬಾಗಿಲು ಕಾಯುವುದೇ. ಕಂಪ್ಯೂಟರಿನ ಹೊಟ್ಟೆಯೊಳಗೆ ಕರ್ನಲ್ ಎಂಬ ಯಜಮಾನನಿದ್ದಾನೆ. ಯಾವ ಪ್ರೋಗ್ರಾಮು ಯಾವ ಫೈಲನ್ನು ಮುಟ್ಟಬೇಕಾದರೂ ಅವನ ಕಾವಲಿಗಿರುವ, ಫಂಕ್ಷನ್ ಎಂಬ ಕೋಡಿನ ತುಂಡುಗಳನ್ನು "ಬಿಡಬಹುದಾ?" ಎಂದು ಕೇಳಬೇಕು. ಉತ್ತರ ಬರುವುದು ಅಂಕಿಯಲ್ಲಿ.

ತೊಂದರೆ ಇರುವುದು ಆ ಅಂಕಿಯಲ್ಲೇ. ಕೆಲವು ಫಂಕ್ಷನ್‌ಗಳಲ್ಲಿ ಸೊನ್ನೆ ಎಂದರೆ "ಬಿಡು", ಇನ್ನು ಕೆಲವುಗಳಲ್ಲಿ ಸೊನ್ನೆ ಎಂದರೆ "ಬೇಡ". ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದದ್ದು. ನಮ್ಮಲ್ಲೇನು ಕಮ್ಮಿಯೇ? ಹೊರಟವರು "ಬರ್ತೇನೆ" ಅನ್ನುತ್ತಾರೆ, ದೀಪ ಆರಿಸಲು "ದೊಡ್ಡದು ಮಾಡು" ಅನ್ನುತ್ತಾರೆ. ಯಂತ್ರಕ್ಕೆ ಅಷ್ಟು ಸಂಸ್ಕಾರವಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಸಮ ಮಾಡುವ ಕೆಲಸ ನನ್ನ ತಲೆಗೆ ಬಿತ್ತು: ಸೊನ್ನೆ ಎಂದರೆ ಕ್ಷೇಮ, ಬಿಡು, ಮೈನಸ್ ಅಂಕಿ ಬಂದರೆ ಬೇಡ.

ಮಾಡಿದೆ. ಆಮೇಲೆ ಶುರುವಾಯಿತು ನೋಡಿ ಹೆದರಿಕೆ. ಫಂಕ್ಷನ್ ತಿದ್ದಿದರೆ ಸಾಲದು, ಅದನ್ನು ಕೇಳುವ ಜಾಗಗಳೆಲ್ಲ ಬದಲಾಗಬೇಕು. ಹಳೆಯ ಲೆಕ್ಕದ ಜಾಗ ಒಂದು ಉಳಿದರೂ ಕಥೆ ಮುಗಿಯಿತು. ಆ ಜಾಗದ ಲೆಕ್ಕದಲ್ಲಿ ಸೊನ್ನೆ ಎಂದರೆ "ಬೇಡ", ಉಳಿದದ್ದೆಲ್ಲ "ಬಿಡು". ನನ್ನ ಮೈನಸ್ಸೂ ಒಪ್ಪಿಗೆಯೇ. ಕಳ್ಳನಿಗೆ ಕರೆದು ಮಣೆ ಹಾಕಿದ ಹಾಗೆ. ಕೋಡನ್ನು ಯಂತ್ರದ ಭಾಷೆಗೆ ಇಳಿಸುವಾಗ ತಪ್ಪು ತೋರಿಸುವ ಕಂಪೈಲರ್ ಇಲ್ಲಿ ತುಟಿ ಪಿಟಕ್ಕೆನ್ನುವುದಿಲ್ಲ, ಅದಕ್ಕೆ ಎರಡೂ ಬರೀ ಅಂಕಿ. ಹುಡುಕಿದೆ, ಮತ್ತೆ ಹುಡುಕಿದೆ, ಒಂದೂ ಉಳಿದಿಲ್ಲವೆನಿಸಿತು, ಇಲ್ಲಿನ ಶುಕ್ರವಾರ-ಶನಿವಾರದ ರಜೆ ಮುಗಿಸಿ ಭಾನುವಾರ ಕೋಡ್ ಕಳಿಸಿದರಾಯಿತೆಂದು ಗುರುವಾರ ಅಲ್ ಸದ್ದ್‌ನ ಮನೆಗೆ ಬಂದೆ.

ಗುರುವಾರ ನಮ್ಮವರು ಮರಳುಗಾಡಿನಾಚೆಯ ದುಖಾನಿನಿಂದ ಬರುವ ದಿನ. ಅಲ್ಲಿ ಅವರಿಗೆ ಕಂಪನಿಯ ಕ್ವಾರ್ಟರ್ಸ್. ಮೊದಲಿನಿಂದಲೂ ನಮ್ಮ ಕ್ರಮ, ಕೆಳಗೆ ಬಂದು ಮುಟ್ಟಿದರೆ ಒಂದು ಮಿಸ್ಡ್ ಕಾಲ್. ಕಳೆದ ವಾರ ನಾನೇ, ತಲೆ ತುಂಬ ಕರ್ನಲ್ ತುಂಬಿಕೊಂಡು, ಅದನ್ನೂ ತಿದ್ದಿದ್ದೆ. ಏನೂ ಬರದಿದ್ದರೆ ಕ್ಷೇಮ. ಮಿಸ್ಡ್ ಕಾಲ್ ಬಂದರೆ ಏನೋ ಎಡವಟ್ಟು, ಕೂಡಲೇ ನಾನು ಫೋನ್ ಮಾಡಬೇಕು.

ಫೋನ್ ಒಮ್ಮೆ ರಿಂಗಾಗಿ ನಿಂತಿತು. ಬಂದರು ಎಂದು ನೀರುದೋಸೆಗೆ ಕಾವಲಿ ಇಟ್ಟೆ. ದೋಸೆ ಆರಿತು, ಅವರಿಲ್ಲ. ಆಗ ತಲೆಗೆ ಹೊಳೆಯಿತು. ಫೋನ್ ಮಾಡಿದರೆ ಸ್ವಿಚ್ ಆಫ್. ಆ ಮರಳುಗಾಡಿನ ರಸ್ತೆ, ಆ ಬಿಸಿಲು, ಆ ಗಾಡಿಗಳ ಸ್ಪೀಡು! ನೆನಪಾದ ದೇವರಿಗೆಲ್ಲ ಹರಕೆ ಹೊತ್ತೆ.

ಕತ್ತಲಾಗುವಾಗ ಬಂದರು, ಯಾರೋ ಮಲಯಾಳಿಯ ಪಿಕಪ್ಪಿನಲ್ಲಿ. ಟಯರು ಒಡೆದಿತ್ತಂತೆ, ಸ್ಟೆಪ್ನಿಯಲ್ಲೂ ಗಾಳಿಯಿಲ್ಲ. ಇದ್ದ ಚೂರು ಚಾರ್ಜಿನಲ್ಲಿ ಮಿಸ್ಡ್ ಕಾಲ್ ಕೊಟ್ಟು, ನಾನು ಮಾಡುತ್ತೇನೆಂದು ರಸ್ತೆ ಬದಿ ಕಾದಿದ್ದಾರೆ.

"ಎಂತ ಮಾರಾಯ್ತಿ, ನಿನ್ನದೇ ರೂಲು, ನಿಂಗೇ ನೆನಪಿಲ್ವಾ?" ಎಂದರು.

ಅಳು ಬಂತು. ಊರಿಗೆಲ್ಲ ಹೊಸ ಲೆಕ್ಕ ಹೇಳಿದವಳ ಕಿವಿ ಮಾತ್ರ ಹಳೆಯ ಲೆಕ್ಕದಲ್ಲೇ ಕುಳಿತಿತ್ತು. "ಇನ್ನು ಮಿಸ್ಡ್ ಕಾಲೇ ಬೇಡ. ಬಾಯಿ ಬಿಟ್ಟು ಮಾತಾಡಿ" ಎಂದೆ.

ಭಾನುವಾರ ಕೋಡ್ ಕಳಿಸಲು ಕೈ ಬರಲಿಲ್ಲ. ಅರ್ಥ ಬದಲಾದ ಫಂಕ್ಷನ್‌ಗಳಿಗೆಲ್ಲ ಹೆಸರನ್ನೂ ಬದಲಾಯಿಸಿದೆ. ಹಳೆಯ ಹೆಸರು ಹಿಡಿದು ಬಂದವರು ಇನ್ನು ಸುಮ್ಮನೆ ತಪ್ಪು ತಿಳಿಯುವ ಹಾಗಿಲ್ಲ, ಕೂಗಿಕೊಳ್ಳಲೇಬೇಕು. ನನಗೆ ಗೊತ್ತಿದ್ದ ಜಾಗಗಳನ್ನೆಲ್ಲ ತಿದ್ದಿ ಕಂಪೈಲರ್ ಓಡಿಸಿದೆ. ಮೂಲೆಯ ಒಂದು ಫೈಲು, ಹೆಸರನ್ನು ತುಂಡು ತುಂಡು ಜೋಡಿಸಿ ಕರೆಯುತ್ತಿದ್ದುದರಿಂದ ಹುಡುಕಾಟಕ್ಕೆ ಸಿಗದೇ ಹಳೆಯ ಲೆಕ್ಕದಲ್ಲೇ ಉಳಿದಿದ್ದದ್ದು, "ಈ ಹೆಸರಿನವರು ಇಲ್ಲಿಲ್ಲ" ಎಂದು ಕೆಂಪು ಅಕ್ಷರದಲ್ಲಿ ಅರಚಿತು.

ಬೈಸಿಕೊಂಡು ಅಷ್ಟು ನೆಮ್ಮದಿಯಾದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.